ಸ್ಕ್ರೀನ್ ಕಪ್ಪಗಿದೆಯಾ? ಆಫ್ ಮಾಡ್ಬೇಡಿ!

ಹೋದ ತಿಂಗಳು ರಾತ್ರಿ ಒಂಬತ್ತೂವರೆಗೆ ದಾವಣಗೆರೆಯಿಂದ ಗೆಳೆಯನ ಫೋನು. ಡಿಪ್ಲೊಮಾ ಮುಗಿಸಿ ಪುಟ್ಟದೊಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾನೆ. ‘ಲೇ, ಹೊಸ ಸಿಸ್ಟಮ್ ಜೋಡ್ಸೀನಿ. ಫ್ಯಾನ್ ತಿರುಗ್ತದೆ, ಲೈಟ್ ಹತ್ತತದೆ, ಸ್ಕ್ರೀನ್ ಮಾತ್ರ ಕಪ್ಪು. ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ. ಗಿರಾಕಿ ಎದುರಿಗೇ ಕುಂತಾನೆ, ದುಡ್ಡು ವಾಪಸ್ ಕೊಡು ಅಂತಾನೆ!’

ಯಾವ ರ‍್ಯಾಮ್ ಎಂದು ಕೇಳಿದೆ. ಡಿಡಿಆರ್5, ಎರಡು ಸ್ಟಿಕ್. ‘ಆನ್ ಮಾಡಿ ಐದು ನಿಮಿಷ ಮುಟ್ಟಬೇಡ. ಅವರಿಗೊಂದು ಚಾ ತರಿಸು’ ಎಂದೆ. ಚಾ ಮುಗಿಯುವ ಮೊದಲೇ ಸ್ಕ್ರೀನ್ ಬಂತಂತೆ. ‘ಅಷ್ಟೊತ್ತು ಅದು ಏನ್ ಮಾಡ್ತಿತ್ತೋ?’ ಎಂದು ಕೇಳಿದ. ಬೋರ್ಡ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಆದರೂ ಅದು ಫೋನಿನಲ್ಲಿ ಮುಗಿಯುವ ಉತ್ತರವಲ್ಲ.

ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಇರುವುದು ತಾಮ್ರದ ಸಣ್ಣ ಗೆರೆಗಳು. ಡಿಡಿಆರ್4ರ 3200 ವೇಗದಲ್ಲಿ ಅಂಥ ಒಂದೊಂದು ಗೆರೆಯ ಮೇಲೂ ಸೆಕೆಂಡಿಗೆ 320 ಕೋಟಿ ಬಿಟ್‌ಗಳು ಓಡುತ್ತವೆ. ಒಂದು ಬಿಟ್‌ಗೆ ಸಿಗುವ ಸಮಯ 312.5 ಪಿಕೊಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಪಿಕೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೋರ್ಡಿನ ಮೇಲೆ ಸಿಗ್ನಲ್ ಸಾಗುವುದು ಹೆಚ್ಚುಕಡಿಮೆ ಒಂದು ಬೆಂಕಿಪೆಟ್ಟಿಗೆಯಷ್ಟು ದೂರ. ಡಿಡಿಆರ್5ರ 6400ಕ್ಕೆ ಹೋದರೆ ಅದರಲ್ಲೂ ಅರ್ಧ.

ಇಲ್ಲಿ ಬಿಟ್ ಏನು ಎನ್ನುವಷ್ಟೇ ಮುಖ್ಯ, ಅದನ್ನು ಯಾವಾಗ ನೋಡಬೇಕು ಎನ್ನುವುದು. ಸ್ಕೂಲ್ ಡೇಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಹೋಗುತ್ತಿರುತ್ತಾರೆ ಎಂದುಕೊಳ್ಳಿ. ಒಂದು ಮಗು ಇಳಿಯುತ್ತ, ಇನ್ನೊಂದು ಹತ್ತುತ್ತ ಇರುವಾಗ ಕ್ಲಿಕ್ಕಿಸಿದರೆ ಫೋಟೊದಲ್ಲಿ ಇಬ್ಬರೂ ನೆಟ್ಟಗೆ ಇರುವುದಿಲ್ಲ. ಮಗು ನಡುಮಧ್ಯ ನಿಂತಾಗಲೇ ಕ್ಲಿಕ್ ಆಗಬೇಕು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಸೆಟಪ್ ಟೈಮ್, ಹೋಲ್ಡ್ ಟೈಮ್ ನೆನಪಿರಬಹುದು. ನಾವೆಲ್ಲ ಪರೀಕ್ಷೆಗೆಂದು ಉರು ಹೊಡೆದದ್ದು. ಕೆಲಸಕ್ಕೆ ಸೇರಿದ ಮೇಲೆ ನನ್ನ ಸಂಬಳವೆಲ್ಲ ಆ ಪ್ರಶ್ನೆಯಿಂದಲೇ ಬರುತ್ತಿದೆ!

ಹಳೆಯ ಎಸ್‌ಡಿರ‍್ಯಾಮ್‌ನಲ್ಲಿ ಎಲ್ಲರೂ ಒಂದೇ ಕ್ಲಾಕ್ ನೋಡಿಕೊಂಡು ಕ್ಲಿಕ್ಕಿಸುತ್ತಿದ್ದರು. ವೇಗ ಏರಿದಾಗ ಅದು ಸಾಲಲಿಲ್ಲ. 2000ನೇ ಇಸವಿಯಲ್ಲಿ ಬಂದ ಡಿಡಿಆರ್ ಮಾನದಂಡ ಡೇಟಾ ಜೊತೆಗೇ ಹೊರಡುವ ಸ್ಟ್ರೋಬ್ ಎಂಬ ಸಿಗ್ನಲ್ ಇಟ್ಟಿತು. ‘ಈಗ ನೋಡು’ ಎಂದು ಹೇಳುವುದು ಅದರ ಕೆಲಸ. ಡೇಟಾ ತಡವಾದರೆ ಸ್ಟ್ರೋಬೂ ತಡ, ಜೋಡಿ ಕೆಡುವುದಿಲ್ಲ. ಇದರಲ್ಲೊಂದು ತಮಾಷೆ ಇದೆ. ಬರೆಯುವಾಗ ಕಂಟ್ರೋಲರ್ ಸ್ಟ್ರೋಬನ್ನು ಬಿಟ್‌ನ ಸರಿಯಾದ ಮಧ್ಯಕ್ಕೆ ಇಟ್ಟೇ ಕಳಿಸುತ್ತದೆ. ಓದುವಾಗ ಮಾತ್ರ ಮೆಮೊರಿ ಚಿಪ್ ಡೇಟಾ, ಸ್ಟ್ರೋಬ್ ಎರಡನ್ನೂ ಒಟ್ಟಿಗೇ ಎಸೆದು ಕೈತೊಳೆದುಕೊಳ್ಳುತ್ತದೆ. ಕಾಲು ಕ್ಲಾಕ್‌ನಷ್ಟು ತಡಮಾಡಿ ಮಧ್ಯಕ್ಕೆ ತರುವ ತಲೆನೋವು ಮತ್ತೆ ಕಂಟ್ರೋಲರ್‌ದೇ. ಮೆಮೊರಿ ಚಿಪ್ ಸರಳವಾಗಿರಬೇಕು, ಅಗ್ಗವಾಗಿರಬೇಕು, ಅದಕ್ಕೆ ಈ ಏರ್ಪಾಡು.

ಆದರೆ ಆ ಮಧ್ಯ ಎಲ್ಲಿದೆ? ಲೆಕ್ಕ ಹಾಕಿ ಹೇಳಲು ಆಗುವುದಿಲ್ಲ. ಗೆರೆಯ ಉದ್ದ ಒಂದು ಮಿಲಿಮೀಟರ್ ಹೆಚ್ಚಾದರೆ ಆರೇಳು ಪಿಕೊಸೆಕೆಂಡ್ ವ್ಯತ್ಯಾಸ. ಹಳೇ ಮದರ್‌ಬೋರ್ಡ್ ಸಿಕ್ಕರೆ ನೋಡಿ, ಪ್ರೊಸೆಸರ್ ಮತ್ತು ರ‍್ಯಾಮ್ ಸ್ಲಾಟ್ ನಡುವೆ ಕೆಲವು ಗೆರೆಗಳು ಹಾವಿನಂತೆ ಸುತ್ತಿಕೊಂಡು ಹೋಗಿರುತ್ತವೆ. ಅದು ಚೆಂದಕ್ಕಲ್ಲ, ಉದ್ದ ಸರಿದೂಗಿಸಲು. ಇಷ್ಟಾದರೂ ಚಿಪ್‌ನಿಂದ ಚಿಪ್‌ಗೆ, ಸ್ಲಾಟ್‌ನಿಂದ ಸ್ಲಾಟ್‌ಗೆ ಉಳಿಯುವ ವ್ಯತ್ಯಾಸ ಇದ್ದೇ ಇದೆ.

ಹಾಗಾಗಿ ಯಂತ್ರ ಹುಡುಕಿಯೇ ಕಂಡುಕೊಳ್ಳಬೇಕು. ಇದಕ್ಕೆ ಟ್ರೈನಿಂಗ್ ಎನ್ನುತ್ತಾರೆ. ಕಂಟ್ರೋಲರ್ ತನಗೆ ಗೊತ್ತಿರುವ ಒಂದು ನಮೂನೆಯನ್ನು ಮೆಮೊರಿಯಿಂದ ಓದುತ್ತ ಸ್ಟ್ರೋಬನ್ನು ಒಂದೊಂದೇ ಹೆಜ್ಜೆ ಸರಿಸುತ್ತದೆ. ತಪ್ಪು, ತಪ್ಪು, ಸರಿ... ಸರಿ ಸಿಕ್ಕಿತೆಂದು ಅಲ್ಲೇ ನಿಲ್ಲುವುದಿಲ್ಲ. ಮತ್ತೆ ತಪ್ಪಾಗುವವರೆಗೂ ಹೋಗುತ್ತದೆ. ಹನ್ನೆರಡನೇ ಹೆಜ್ಜೆಯಿಂದ ನಲವತ್ತರವರೆಗೆ ಸರಿ ಬಂದರೆ ಇಪ್ಪತ್ತಾರಕ್ಕೆ ಬಂದು ಕೂರುತ್ತದೆ. ಇದು ಒಂದು ಗೆರೆಯ ಕಥೆ. ಡೇಟಾಕ್ಕೇ 64 ಗೆರೆಗಳಿವೆ. ಜೊತೆಗೆ ಎಷ್ಟು ವೋಲ್ಟೇಜಿನ ಮೇಲಿದ್ದರೆ 1, ಕೆಳಗಿದ್ದರೆ 0 ಎಂಬುದನ್ನೂ ಹೀಗೇ ಹುಡುಕಬೇಕು.

ಡಿಡಿಆರ್3ರಿಂದ ಇನ್ನೊಂದು ಕೆಲಸ ಸೇರಿಕೊಂಡಿತು. ಕ್ಲಾಕ್ ಗೆರೆ ಸ್ಟಿಕ್‌ನ ಚಿಪ್‌ಗಳನ್ನು ಒಂದಾದ ಮೇಲೊಂದು ಮುಟ್ಟುತ್ತ ಹೋಗುತ್ತದೆ, ಹಾಲಿನವನು ಸಾಲುಮನೆಗಳಿಗೆ ಹಾಲು ಹಾಕಿಕೊಂಡು ಹೋದಂತೆ. ಕೊನೆಯ ಮನೆಗೆ ಬರುವುದು ತಡ. ಬರೆಯುವಾಗ ಯಾವ ಮನೆಗೆ ಎಷ್ಟು ತಡ ಎಂಬುದನ್ನು ಚಿಪ್‌ಗಳನ್ನೇ ಕೇಳಿ ತಿಳಿಯಬೇಕು.

ಗೆಳೆಯನ ಕಪ್ಪು ಪರದೆಯ ಹಿಂದೆ ನಡೆಯುತ್ತಿದ್ದದ್ದು ಇದೇ. ಅವನು ಆಫ್ ಮಾಡಿದಾಗಲೆಲ್ಲ ಪಾಠ ಅ, ಆ, ಇ, ಈ ಇಂದ ಮತ್ತೆ ಶುರು. ಒಮ್ಮೆ ಮುಗಿದರೆ ಎಷ್ಟೋ ಬೋರ್ಡ್‌ಗಳು ಆ ಲೆಕ್ಕವನ್ನು ಉಳಿಸಿಟ್ಟುಕೊಂಡು ಮುಂದಿನ ಸಲ ಬೇಗ ಏಳುತ್ತವೆ.

ಪೂರ್ತಿ ಸತ್ತ ರ‍್ಯಾಮ್‌ಗಿಂತ ಅಂಚಿನಲ್ಲಿ ನಿಂತ ರ‍್ಯಾಮ್ ಅಪಾಯಕಾರಿ ಎನ್ನುವುದು ನನ್ನ ಅನುಭವ. ಏಸಿ ರೂಮಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಮಧ್ಯಾಹ್ನದ ಸೆಕೆಗೆ ಕೋಟಿಗೊಂದು ಬಿಟ್ ತಪ್ಪು ಓದುತ್ತದೆ. ಪ್ರಾಜೆಕ್ಟ್ ಫೈಲ್ ತೆರೆಯುವುದಿಲ್ಲ, ನೀಲಿ ಪರದೆ ಬರುತ್ತದೆ. ಜನ ವೈರಸ್ ಎಂದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ, ಅಂಗಡಿಯವನಿಗೆ ಬೈಯುತ್ತಾರೆ. ರ‍್ಯಾಮ್ ಎಸೆಯುವ ಮೊದಲು ಬಯೋಸ್‌ನಲ್ಲಿ ಅದರ ವೇಗವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಬಿಟ್‌ನ ಸಮಯ ಹಿಗ್ಗುತ್ತದೆ, ಮಧ್ಯ ಸ್ವಲ್ಪ ಅಗಲವಾಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬಿಸಿಯಾದಂತೆ ಮಧ್ಯವೇ ಜರುಗುವ ಸಮಸ್ಯೆಗೆ ಮೊಬೈಲ್‌ನ ಎಲ್‌ಪಿಡಿಡಿಆರ್4 ಮೆಮೊರಿಯಲ್ಲಿ ಒಂದು ಉಪಾಯವಿದೆ. ಚಿಪ್‌ನೊಳಗೇ ಒಂದು ಪುಟ್ಟ ಆಸಿಲೇಟರ್. ಬಿಸಿಗೆ ಅದರ ಎಣಿಕೆಯೂ ಬದಲಾಗುತ್ತದೆ. ಕಂಟ್ರೋಲರ್ ಆಗಾಗ ಆ ಎಣಿಕೆ ನೋಡಿ, ಎಷ್ಟು ಜರುಗಿದೆಯೋ ಅಷ್ಟೇ ಸ್ಟ್ರೋಬನ್ನು ಸರಿಸಿಕೊಳ್ಳಬಹುದು. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನು ಬಿಸಿಲಲ್ಲಿ ಕಾದು ಹೆಂಚಾಗಿದ್ದರೂ ಮ್ಯಾಪ್ ತೋರಿಸುತ್ತಲೇ ಇರುವುದರ ಹಿಂದೆ ಇಂಥ ಕೈಚಳಕವೂ ಇದೆ.