ರೂಪ ಬದಲಿಸುವ ಗೊಂಬೆಗಳು

ಆಟದ ಲಾರಿಯೊಂದು ಮಗುವಿನ ಕೈಯಲ್ಲಿ ಮಡಿಕೆ ಬಿಚ್ಚಿಕೊಂಡು ಯಂತ್ರಮಾನವನಾಗಿ ಎದ್ದು ನಿಂತರೆ ಹಿರಿಯರೂ ಬೆರಗಾಗುವರು. ಜಪಾನಿನ ತಕಾರಾ ಸಂಸ್ಥೆಯ ಇಂಥ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೊ ಸಂಸ್ಥೆಯು 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಅಂದು ಆಡಿದ ಮಕ್ಕಳು ಗೃಹಸ್ಥರಾದ ಮೇಲೂ ಅವನ್ನೇ ಹುಡುಕಿ ಸಂಗ್ರಹಿಸುತ್ತಾರೆ. ಗೊಂಬೆ ದೊರೆತರೆ ಅದರ ಪುಟ್ಟ ಬಂದೂಕು ಇರುವುದಿಲ್ಲ. ಬಂದೂಕು ದೊರೆತರೆ ಅಂಟುಚೀಟಿ ಕಿತ್ತಿರುತ್ತದೆ. ಬಿಸಿಲು ತಾಗಿದರೆ ಬಿಳಿಯ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ.

ಪೆಟ್ಟಿಗೆ ತೆರೆಯದಿದ್ದರೆ ಬೆಲೆ ಹೆಚ್ಚೆಂದು ಕೆಲವರು ಮುಟ್ಟದೆಯೇ ಕಾಪಿಡುವರು. ರೂಪ ಬದಲಿಸುವುದೇ ಕಾಯಕವಾದ ಗೊಂಬೆಗೆ ಇದೆಂಥ ಸೆರೆವಾಸ! ಅದೂ ಕಾಯದು. 1980ರ ದಶಕದ ಕೊನೆಯ ಕೆಲವು ಗೊಂಬೆಗಳಲ್ಲಿ ಮಿನುಗುಕಣ ಬೆರೆಸಿದ ಹೊಂಬಣ್ಣದ ಪ್ಲಾಸ್ಟಿಕ್ ಇದೆ. ಪೆಟ್ಟಿಗೆಯೊಳಗಿದ್ದರೂ ಅದು ಪೆಡಸಾಗಿ ಬಿರಿಯುತ್ತದೆ. ಮೂವತ್ತು ವರ್ಷ ಕಾದು, ತೆರೆದು, ಕೀಲು ತಿರುಗಿಸಿದವನಿಗೆ ತೋಳು ಕಳಚಿ ಕೈಗೇ ಬರುತ್ತದೆ.