ಕಾರ್ಡ್‌ಗಿಂತ ಮೊದಲು ಎಸ್‌ಎಂಪಿಎಸ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೋಗುವ ಹುಡುಗರ ಚೀಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಮೇಲಿರುತ್ತದೆ, ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ತಳದಲ್ಲಿ. ಉಳಿದ ದುಡ್ಡಿಗೆ ಯಾವುದು ಬಂದರೆ ಅದು. ಈ ಕ್ರಮವೇ ತಲೆಕೆಳಗು.

ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್. ಎಂಟು ಪಿನ್ನಿನ ಕೇಬಲ್ ಒಂದಿದ್ದರೆ ಇನ್ನೂ 150. ಎನ್ವಿಡಿಯಾದ ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಸಾಕು, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ಆದರೆ 2022ರ ಅಕ್ಟೋಬರಿನಲ್ಲಿ ಬಂದ 4090 ತನಗೊಂದಕ್ಕೇ 450 ವ್ಯಾಟ್ ಕೇಳಿತು. 2025ರ 5090ಕ್ಕೆ 575 ಬೇಕು. ಸಾವಿರ ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ಕಂಪನಿಯೇ ಹೇಳುತ್ತದೆ. ಡಬ್ಬದ ಮೇಲಿನ ದೊಡ್ಡಕ್ಷರ ನಂಬಬೇಡಿ, ಬದಿಯ ಲೇಬಲ್ ಓದಿ. ಅಲ್ಲಿ 12 ವೋಲ್ಟಿನ ಕೆಳಗಿರುವ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿದರೆ ಕಾರ್ಡಿಗೂ ಪ್ರೊಸೆಸರಿಗೂ ಸೇರಿ ಸಿಗುವ ನಿಜವಾದ ವ್ಯಾಟ್ ಗೊತ್ತಾಗುತ್ತದೆ.

4090 ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಅದರ 16 ಪಿನ್ನಿನ ಕನೆಕ್ಟರ್ ಕರಗಿದ ದೂರುಗಳು ಹಲವು ದೇಶಗಳಿಂದ ಬಂದವು. ಪ್ಲಗ್ ಪೂರ್ತಿ ಒಳಗೆ ಕೂರದಿರುವುದೇ ಸಾಮಾನ್ಯ ಕಾರಣವೆಂದು ಎನ್ವಿಡಿಯಾ ಹೇಳಿತು. ಆಮೇಲಿನ ತಿದ್ದಿದ ಕನೆಕ್ಟರಿನಲ್ಲಿ ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಲಾಯಿತು. ಪ್ಲಗ್ ಸಡಿಲವಿದ್ದರೆ ಕಾರ್ಡ್ ಪೂರ್ತಿ ವಿದ್ಯುತ್ ಎಳೆಯಬಾರದು ಎಂಬ ಲೆಕ್ಕ. ತಪ್ಪೆಲ್ಲ ಕೊಂಡವನದೇ ಆಗಿದ್ದರೆ ಈ ತಿದ್ದುಪಡಿ ಯಾಕೆ ಬೇಕಿತ್ತು?

ಅಗ್ಗದ ಕಾರ್ಡಿನಲ್ಲಿ ಬೇರೆ ಬಗೆಯ ಹೊಂಚು. 2022ರ ಜನವರಿಯಲ್ಲಿ ಎಎಂಡಿ ತಂದ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟಿನ 16 ಲೇನುಗಳಲ್ಲಿ ಬಳಸುವುದು ನಾಲ್ಕನ್ನೇ. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಮೂರನೆಯ ಪೀಳಿಗೆಯ ಬೋರ್ಡಿಗೆ ಹಾಕಿದರೆ ದಾರಿ ಅರ್ಧಕ್ಕಿಳಿದು, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಹಳೆಯ ಯಂತ್ರ ಇರುವವರೇ ತಾನೇ ಅಗ್ಗದ ಕಾರ್ಡ್ ಹುಡುಕುವುದು! ಇಂಟೆಲ್‌ನ ಆರ್ಕ್ ಕಾರ್ಡುಗಳದ್ದೂ ಇದೇ ಪಾಡು: ಬಯೋಸ್‌ನಲ್ಲಿ ರಿಸೈಜಬಲ್ ಬಾರ್ ಸೌಲಭ್ಯವಿಲ್ಲದ ಬೋರ್ಡಿನಲ್ಲಿ ಅವು ಸೊರಗುತ್ತವೆ.

ಉದ್ದವನ್ನೂ ಅಳೆಯಿರಿ. ಎನ್ವಿಡಿಯಾದ ಸ್ವಂತ 4090 ಕಾರ್ಡ್ 304 ಮಿಲಿಮೀಟರ್, ದಪ್ಪ ಮೂರು ಸ್ಲಾಟ್. ಬೇರೆ ತಯಾರಕರ ಹಲವು ಕಾರ್ಡುಗಳು ಇನ್ನೂ ಉದ್ದ. ಕ್ಯಾಬಿನೆಟ್ ಮುಂಭಾಗದ ಫ್ಯಾನ್ 25 ಮಿಲಿಮೀಟರ್ ತಿನ್ನುತ್ತದೆ ಎಂಬುದು ಸ್ಕ್ರೂ ಬಿಗಿಯುವಾಗಲೇ ನೆನಪಾಗುವುದು.

ಇಷ್ಟೆಲ್ಲ ಹೊಂದಿದರೂ ಮೇಜಿನ ಮೇಲಿರುವುದು 60 ಹರ್ಟ್ಸಿನ ಫುಲ್ ಎಚ್‌ಡಿ ಮಾನಿಟರ್ ಆದರೆ, ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಅದು ತೋರಿಸಲಾರದು. ಆಟಕ್ಕೆಂದೇ ಕೊಳ್ಳುವವರಾದರೆ ಮೊದಲು ಮಾನಿಟರ್ ಬದಲಿಸಿ. ಅದಿಲ್ಲದೆ 4090 ತರುವುದು ದುಡ್ಡು ದಂಡ.