ತಾರೀಖು ನೋಡಿದರೆ ಸಾಲದು, ಕಾವು ನೋಡಬೇಕು

ಕಳೆದ 2024ರ ಅಕ್ಟೋಬರ್ ತಿಂಗಳಲ್ಲಿ ನಾವು ನಾಲ್ಕು ದಿನದ ಮಟ್ಟಿಗೆ ಚಿಂತಾಮಣಿ ಕಡೆಗೆ ಹೋಗಿದ್ದೆವು. ಸಂಘದ ಕೆಲಸಕ್ಕಲ್ಲ, ಸ್ವಂತ ಕೆಲಸಕ್ಕೆ. ನಮ್ಮ ಮಗಳನ್ನು ಕೊಟ್ಟಿರುವುದು ಆ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ಒಂದು ಹಳ್ಳಿಗೆ. ಆದರೆ ಹಿಂತಿರುಗುವಾಗ ತಂದದ್ದು ಸಂಘಕ್ಕೆ ಸಂಬಂಧಪಟ್ಟ ಒಂದು ವಿಚಾರ. ಅದರ ಜೊತೆಗೆ ನಮ್ಮದೇ ಒಂದು ತಪ್ಪಿನ ಅರಿವು. ಎರಡನ್ನೂ ಸದಸ್ಯರ ಮುಂದೆ ಇಡುವುದು ಕಾರ್ಯದರ್ಶಿಯಾದ ನಮ್ಮ ಕರ್ತವ್ಯವೆಂದು ತಿಳಿದು ಈ ಲೇಖನ ಬರೆಯುತ್ತಿದ್ದೇವೆ.

ಮಲೆನಾಡಿನ ಕಣ್ಣಿಗೆ ಆ ಸೀಮೆಯ ಬೆಟ್ಟಗಳು ಬೋಳು ಬಂಡೆಯ ರಾಶಿಗಳಂತೆ ಕಾಣುತ್ತವೆ. ಬೆಳಗ್ಗೆ ಹತ್ತು ಗಂಟೆಗೇ ಬಂಡೆ ಕಾಯುತ್ತದೆ, ಅದರ ಕಾವು ರಾತ್ರಿ ಎಂಟರವರೆಗೂ ಊರನ್ನು ಬಿಡುವುದಿಲ್ಲ. ಆ ಕಡೆಯವರ ಬದುಕು ಬೇಗ ಕೆಡುವ ಸರಕಿನ ಮೇಲೆಯೇ ನಿಂತಿದೆ. ಚಿಂತಾಮಣಿಯಲ್ಲಿ ಟೊಮೇಟೊ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು, ಚಿಕ್ಕಬಳ್ಳಾಪುರದಲ್ಲಿ ಹೂವು, ದ್ರಾಕ್ಷಿ, ಎಲ್ಲ ಊರಲ್ಲೂ ಹಾಲು. ನಮ್ಮ ಕಾಫಿ, ಅಡಿಕೆಯಂತೆ ಬೆಲೆ ಬರಲೆಂದು ಆರು ತಿಂಗಳು ಮಾಳಿಗೆಯಲ್ಲಿ ಇಟ್ಟುಕೊಳ್ಳುವ ಭಾಗ್ಯ ಅವರಿಗಿಲ್ಲ.

ಅಂಗನವಾಡಿಯಲ್ಲಿ ಕಂಡದ್ದು

ಮೊಮ್ಮಗನಿಗೆ ಒಂದೂವರೆ ವರ್ಷದ ಚುಚ್ಚುಮದ್ದು ಹಾಕಿಸಬೇಕಾಗಿತ್ತು. ಮಗಳು, ಬೀಗಿತ್ತಿ, ನಾವು ಮೂವರೂ ಮಗುವನ್ನು ಎತ್ತಿಕೊಂಡು ಊರಿನ ಅಂಗನವಾಡಿಗೆ ಹೋದೆವು. ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರು ಹೆಗಲಿಗೆ ತೂಗುಹಾಕುವ ಚೌಕನೆಯ ಪೆಟ್ಟಿಗೆಯೊಂದಿಗೆ ಬಂದಿದ್ದರು. ಒಳಗೆ ನಾಲ್ಕೂ ಮಗ್ಗುಲಿಗೆ ನಾಲ್ಕು ಐಸ್ ಪ್ಯಾಕು, ನಡುವೆ ಲಸಿಕೆಯ ಸೀಸೆಗಳು. ಪೋಲಿಯೊ ಹನಿಯ ಸೀಸೆಯನ್ನು ಕೈಗೆತ್ತಿಕೊಂಡವರೇ ಅದನ್ನು ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದರು. ತಾರೀಖು ಓದುತ್ತಿದ್ದಾರೆ ಎಂದುಕೊಂಡೆವು.

“ತಾರೀಖು ಬೆಳಗ್ಗೆಯೇ ನೋಡಿದ್ದೀನಿ ಸಾರ್. ಈಗ ನೋಡಿದ್ದು ಈ ಚೌಕ” ಎಂದು ಸೀಸೆಯನ್ನು ನಮಗೆ ತೋರಿಸಿದರು.

ಸೀಸೆಯ ಚೀಟಿಯ ಮೇಲೆ ಕಾಳುಮೆಣಸಿನಷ್ಟು ದೊಡ್ಡದೊಂದು ನೇರಳೆ ಬಣ್ಣದ ವೃತ್ತ. ಅದರೊಳಗೆ ಪುಟ್ಟ ಚೌಕ, ವೃತ್ತಕ್ಕಿಂತ ತಿಳಿಯಾದ ಬಣ್ಣ. ಸಿಸ್ಟರ್ ಹೇಳಿದ ಲೆಕ್ಕ ಇಷ್ಟೇ: ಚೌಕ ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಲಸಿಕೆ ಹಾಕಬಹುದು. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾಯಿತೋ ಅಥವಾ ಅದಕ್ಕಿಂತ ಗಾಢವಾಯಿತೋ, ಆ ಸೀಸೆ ಕಸಕ್ಕೆ. ಅವಧಿಯ ತಾರೀಖು ಇನ್ನೂ ಒಂದು ವರ್ಷ ಇದ್ದರೂ ಸರಿಯೇ. ಹಾಗೆಯೇ ಚೌಕ ಎಷ್ಟೇ ತಿಳಿಯಾಗಿರಲಿ, ತಾರೀಖು ಮೀರಿದ್ದರೆ ಅದೂ ಕಸಕ್ಕೆ. ಎರಡೂ ಸರಿಯಿದ್ದರೆ ಮಾತ್ರ ಮಗುವಿನ ಬಾಯಿಗೆ.

ಪದವಿ ಓದಿದ ನಾವು, ಮೂವತ್ತು ವರ್ಷದಿಂದ ಔಷಧಿ ಡಬ್ಬಗಳ ಮೇಲೆ ತಾರೀಖು ಹುಡುಕಿದ ನಾವು, ಇಂಥದ್ದೊಂದು ಗುರುತು ಇರುವುದನ್ನು ಅಂದಿನವರೆಗೆ ಗಮನಿಸಿರಲಿಲ್ಲ.

ಚೌಕದ ಒಳಗಿನ ಗುಟ್ಟು

ಊರಿಗೆ ಬಂದ ಮೇಲೆ ಈ ವಿಷಯ ಓದಿ ತಿಳಿದುಕೊಂಡೆವು. ಇದರ ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್, ಸಿಸ್ಟರುಗಳ ಬಾಯಲ್ಲಿ ವಿ.ವಿ.ಎಂ. ಚೌಕಕ್ಕೆ ಬಳಿದಿರುವುದು ಒಂದು ರಾಸಾಯನಿಕ. ಅದರ ಸಣ್ಣ ಕಣಗಳು ಕಾವು ತಗುಲಿದಂತೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಣಿಯಾಗುತ್ತವೆ, ಸರಪಣಿ ಬೆಳೆದಂತೆ ಬಣ್ಣ ಗಾಢವಾಗುತ್ತದೆ. ತಂಪಿನಲ್ಲಿ ಈ ಕೆಲಸ ಬಹಳ ನಿಧಾನ, ಬಿಸಿಯಲ್ಲಿ ಬಹಳ ಬೇಗ. ಒಮ್ಮೆ ಗಾಢವಾದ ಬಣ್ಣ ಮತ್ತೆ ತಿಳಿಯಾಗುವುದಿಲ್ಲ. ಬಿಸಿಲಿನಲ್ಲಿ ಎರಡು ಗಂಟೆ ಇಟ್ಟು, ಆಮೇಲೆ ಫ್ರಿಜ್ಜಿನೊಳಗೆ ಬಚ್ಚಿಟ್ಟರೆ ತಪ್ಪು ಮುಚ್ಚಿಹೋಗದು. ಚೀಟಿ ಎಲ್ಲವನ್ನೂ ಕೂಡಿ ಲೆಕ್ಕ ಇಡುತ್ತದೆ, ಒಳ್ಳೆಯ ಗುಮಾಸ್ತನ ಹಾಗೆ.

ಎಲ್ಲ ಲಸಿಕೆಗೂ ಒಂದೇ ಚೀಟಿ ಅಲ್ಲ. ಲಸಿಕೆಯ ತಾಳಿಕೆ ನೋಡಿ ಹಲವು ಬಗೆ ಮಾಡಿದ್ದಾರೆ, ಮುಖ್ಯವಾದವು 2, 7, 14, 30. ಇವು 37 ಡಿಗ್ರಿ ಕಾವಿನಲ್ಲಿ ಚೀಟಿ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂಬ ಲೆಕ್ಕ. ಪೋಲಿಯೊ ಹನಿ ತೀರ ನಾಜೂಕು, ಅದಕ್ಕೆ 2ರ ಚೀಟಿ. ಅದೇ ಚೀಟಿ 5 ಡಿಗ್ರಿ ತಂಪಿನಲ್ಲಿದ್ದರೆ 225 ದಿನ ಬರುತ್ತದೆ. ಎರಡು ದಿನ ಎಲ್ಲಿ, ಏಳೂವರೆ ತಿಂಗಳು ಎಲ್ಲಿ! ಸರಕು ಒಂದೇ, ಇಟ್ಟ ಜಾಗ ಮಾತ್ರ ಬೇರೆ. ಈ ಒಂದು ಲೆಕ್ಕವನ್ನು ಸದಸ್ಯರು ಮನಸ್ಸಿನಲ್ಲಿಟ್ಟುಕೊಂಡರೆ ಈ ಲೇಖನದ ಅರ್ಧ ಕೆಲಸ ಆದಂತೆ.

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ಸಿಯಾಟಲ್‌ನ ಪಾಥ್ ಎಂಬ ಸಂಸ್ಥೆ ಇವು ಸೇರಿ ಇದನ್ನು ಬಳಕೆಗೆ ತಂದವು. 1996ರಲ್ಲಿ ಮೊದಲು ಪೋಲಿಯೊ ಸೀಸೆಗಳಿಗೆ ಅಂಟಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಕಡೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಸಿಕ್ಕಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಆ ಪುಣ್ಯ ಲಕ್ಷಾಂತರ ಕಾರ್ಯಕರ್ತರದು. ಆದರೆ ಕರೆಂಟು ಇಲ್ಲದ ಊರುಗಳಲ್ಲಿ, ಐಸು ಕರಗಿದ ಪೆಟ್ಟಿಗೆಗಳ ಮುಂದೆ ನಿಂತ ಕಾರ್ಯಕರ್ತೆಗೆ “ಇದನ್ನು ಹಾಕಬಹುದು, ಇದನ್ನು ಹಾಕಬಾರದು” ಎಂದು ಹೇಳಿಕೊಟ್ಟದ್ದು ಈ ಚೌಕ. ಇಂಥ ಗುರುತಿಲ್ಲದಿದ್ದರೆ ಅನುಮಾನದ ಮೇಲೆ ಒಳ್ಳೆಯದನ್ನೂ ಚೆಲ್ಲಬೇಕು, ಇಲ್ಲವೇ ನಂಬಿಕೆಯ ಮೇಲೆ ಸತ್ತದ್ದನ್ನೂ ಹಾಕಬೇಕು. ಎರಡೂ ನಷ್ಟವೇ.

ಬೇರೆ ಬಗೆಯ ಚೀಟಿಗಳೂ ಉಂಟು. ಅಮೆರಿಕದ ತ್ರೀ ಎಂ ಕಂಪನಿಯ ಚೀಟಿಯಲ್ಲಿ ನೀಲಿ ಬಣ್ಣದ ದ್ರವ್ಯ ಕಾವಿಗೆ ಕರಗಿ ಬತ್ತಿಯೊಳಗಿನ ಎಣ್ಣೆಯಂತೆ ಮುಂದೆ ಮುಂದೆ ಹರಿಯುತ್ತದೆ. ಎಷ್ಟು ದೂರ ಹರಿಯಿತು ಎಂಬುದೇ ಲೆಕ್ಕ. ಇನ್ನೊಂದು ಬಗೆಯಲ್ಲಿ ಕಿಣ್ವವೊಂದು ಕೊಬ್ಬನ್ನು ಒಡೆದು ಹುಳಿ ಹುಟ್ಟಿಸಿ, ಹಸಿರು ಬಣ್ಣವನ್ನು ಹಳದಿಯಾಗಿಸುತ್ತದೆ. ಮೀನು, ಮಾಂಸದಂಥ ಸರಕಿಗೆ ಇವು ಒದಗುತ್ತವೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮ ಬೀಗರು ಹಾಲಿನ ಡೇರಿಯ ನಿರ್ದೇಶಕರಾಗಿದ್ದವರು. ಚೌಕದ ಮಾತು ಬಂದಾಗ “ನಮ್ಮಲ್ಲಿ ನೀಲಿ ಪರೀಕ್ಷೆ ಇದೆಯಲ್ಲ, ಅದೇ ತಾನೇ?” ಎಂದರು. ಹಾಲಿಗೆ ಮಿಥಿಲೀನ್ ಬ್ಲೂ ಹಾಕಿ ಇಟ್ಟರೆ ಬ್ಯಾಕ್ಟೀರಿಯ ಹೆಚ್ಚಿರುವ ಹಾಲಿನಲ್ಲಿ ನೀಲಿ ಬೇಗ ಹೋಗಿ ಬೆಳ್ಳಗಾಗುತ್ತದೆ. 5 ಗಂಟೆ ಮೀರಿ ನೀಲಿ ನಿಂತರೆ ಬಹಳ ಒಳ್ಳೆಯ ಹಾಲು. ಆದರೆ ಅದು ಹಾಲನ್ನೇ ಪರೀಕ್ಷಿಸುವ ಕ್ರಮ. ಚೀಟಿ ಸರಕನ್ನು ಮುಟ್ಟುವುದೇ ಇಲ್ಲ. ಸರಕು ದಾರಿಯಲ್ಲಿ ಎಷ್ಟು ಕಾವು ತಿಂದಿತು ಎಂಬುದನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಸರಕು ಕೆಡುವ ವೇಗಕ್ಕೂ ಚೀಟಿ ಬಣ್ಣ ತಿರುಗುವ ವೇಗಕ್ಕೂ ಹೊಂದಾಣಿಕೆ ಇರಲೇಬೇಕು. ಹಾಲಿನ ಚೀಟಿಯನ್ನು ಟೊಮೇಟೊ ಬುಟ್ಟಿಗೆ ಅಂಟಿಸಿ ಪ್ರಯೋಜನವಿಲ್ಲ.

ನಮ್ಮ ಗೋಡೌನಿನ ಕತೆ

ಈಗ ನಮ್ಮ ವಿಚಾರಕ್ಕೆ ಬರೋಣ. 2024ರ ಮಾರ್ಚ್ ಕೊನೆಯಲ್ಲಿ ಸಂಘದಿಂದ ಟ್ರೈಕೋಡರ್ಮ ಪುಡಿಯ ಪ್ಯಾಕೆಟ್ಟುಗಳನ್ನು ತರಿಸಿದೆವು. ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗಕ್ಕೆ ಮಳೆಗೆ ಮುಂಚೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಹಾಕುವ ಜೀವಂತ ಶಿಲೀಂಧ್ರ ಅದು. ಪ್ಯಾಕೆಟ್ಟಿನ ಮೇಲೆ ಅವಧಿ ಡಿಸೆಂಬರ್‌ವರೆಗೆ ಇತ್ತು. ಅವಸರವೇನೂ ಇಲ್ಲವೆಂದು ಎರಡು ತಿಂಗಳು ಗೋಡೌನಿನ ಅಟ್ಟದಲ್ಲಿ, ತಗಡಿನ ಮಾಡಿಗೆ ಎರಡು ಮೊಳ ಕೆಳಗೆ ಪೇರಿಸಿ ಇಟ್ಟೆವು. ಮೇ ಕೊನೆಯಲ್ಲಿ ಹಂಚಿದೆವು.

ಸೆಪ್ಟೆಂಬರಿನಲ್ಲಿ ಒಂದೂವರೆ ಎಕರೆಯ ಒಬ್ಬ ಸದಸ್ಯರು ಕಚೇರಿಗೆ ಬಂದರು. ಅವರ ತೋಟದ ಅಡಿಕೆ ಮರಗಳಿಗೆ ಹಬ್ಬಿದ್ದ ಬಳ್ಳಿಗಳಲ್ಲಿ ಅರ್ಧಕ್ಕರ್ಧ ಸೊರಗಿದ್ದವು. “ನೀವು ಕೊಟ್ಟ ಪುಡಿಯನ್ನೇ ಹಾಕಿದ್ದು ಸೆಕ್ರೆಟರಿಗಳೇ” ಎಂದರು. ನಾವು ಪ್ಯಾಕೆಟ್ಟು ತರಿಸಿ, ತಾರೀಖು ತೋರಿಸಿ, “ಅವಧಿ ಇನ್ನೂ ಇದೆ. ನೀವು ಅದರ ಜೊತೆಗೇ ಮೈಲುತುತ್ತದ ದ್ರಾವಣ ಹಾಕಿರಬೇಕು, ತಾಮ್ರ ಬಿದ್ದರೆ ಟ್ರೈಕೋಡರ್ಮ ಉಳಿಯುತ್ತದೆಯೇ?” ಎಂದು ಬುದ್ಧಿ ಹೇಳಿ ಕಳಿಸಿದೆವು. ಅವರು ಮತ್ತೆ ಮಾತಾಡಲಿಲ್ಲ. ಛತ್ರಿ ತೆಗೆದುಕೊಂಡು ಹೊರಟುಹೋದರು.

ಅಂಬಾಜಿದುರ್ಗದಿಂದ ಬಸ್ಸಿನಲ್ಲಿ ಬರುವಾಗ ನಮಗೆ ಆ ಛತ್ರಿಯೇ ಕಣ್ಣಿಗೆ ಕಟ್ಟಿತ್ತು. ನಾವು ಅವರಿಗೆ ತೋರಿಸಿದ್ದು ತಾರೀಖು ಮಾತ್ರ.

ಊರಿಗೆ ಬಂದವರೇ ಗೋಡೌನಿನಲ್ಲಿ ಉಳಿದಿದ್ದ ಒಂದು ಪ್ಯಾಕೆಟ್ಟನ್ನು ತೆಗೆದೆವು. ಆಡಳಿತ ಮಂಡಲಿಯ ಒಬ್ಬ ಸದಸ್ಯರು ಸರಕು ಬಂದ ದಿನವೇ ತಮ್ಮ ಪಾಲನ್ನು ಒಯ್ದು, ಹಳೇ ಮಣ್ಣುಗೋಡೆ ಮನೆಯ ನಡುಕೋಣೆಯಲ್ಲಿ ಇಟ್ಟಿದ್ದರು. ಅದೇ ತಂಡದ ಆ ಪ್ಯಾಕೆಟ್ಟನ್ನೂ ಪಡೆದು, ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿದೆವು. ನಿಯಮದ ಪ್ರಕಾರ ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಮನೆಯ ಪ್ಯಾಕೆಟ್ಟು ಆ ಲೆಕ್ಕಕ್ಕೆ ಸರಿಯಾಗಿ ಬಂತು. ಗೋಡೌನಿನದು ಅದರ ಹತ್ತಿರಕ್ಕೂ ಬರಲಿಲ್ಲ. 2025ರ ಏಪ್ರಿಲಿನಲ್ಲಿ ಅದೇ ಅಟ್ಟದಲ್ಲಿ ಥರ್ಮಾಮೀಟರ್ ತೂಗುಹಾಕಿ ನೋಡಿದೆವು. ಮಧ್ಯಾಹ್ನ ಎರಡು ಗಂಟೆಗೆ 43 ಡಿಗ್ರಿ.

ಆ ಸದಸ್ಯರ ಬಳ್ಳಿಗಳು ಇದರಿಂದಲೇ ಸತ್ತವೆಂದು ಖಚಿತವಾಗಿ ಹೇಳಲಾಗದು. ಜಡಿಮಳೆಯ ವರ್ಷದಲ್ಲಿ ಜೀವಂತ ಟ್ರೈಕೋಡರ್ಮವೂ ಸೋಲುವುದುಂಟು. ಆದರೆ ಅವರು ಹಣ ಕೊಟ್ಟದ್ದು ಜೀವಂತ ಪುಡಿಗೆ, ಸಂಘ ಕೊಟ್ಟದ್ದು ಬರೀ ಸುಣ್ಣದ ಪುಡಿಯಂಥದ್ದನ್ನು. ಅವರ ಮನೆಗೆ ಹೋಗಿ ಈ ಮಾತನ್ನು ಹೇಳಿ ಬಂದೆವು. ಪುಡಿಯ ಹಣವನ್ನು ಸಂಘ ಹಿಂದಿರುಗಿಸಿದೆ. ಆ ತಂಡದಲ್ಲಿ ಕೊಂಡ ಉಳಿದ ಸದಸ್ಯರೂ ರಸೀದಿ ತಂದು ಹಣ ಪಡೆಯಬೇಕೆಂದು ಇಲ್ಲಿ ಕೋರುತ್ತೇವೆ.

ಚೀಟಿಯ ಮಿತಿ

ಪ್ಯಾಕೆಟ್ಟಿನ ಮೇಲೆ ಅಂಥದ್ದೊಂದು ಚೌಕ ಇದ್ದಿದ್ದರೆ ಮೇ ತಿಂಗಳಲ್ಲೇ ನಮ್ಮ ಕಣ್ಣಿಗೆ ಹೊಡೆಯುತ್ತಿತ್ತು. ಹಾಗೆಂದು ಚೀಟಿ ಸರ್ವಜ್ಞನಲ್ಲ. ಅದು ಕಾವನ್ನು ಹೇಳುತ್ತದೆಯೇ ಹೊರತು ಹೆಪ್ಪುಗಟ್ಟುವ ಚಳಿಯನ್ನು ಹೇಳುವುದಿಲ್ಲ. ಡಿ.ಪಿ.ಟಿ. ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ, ಆದರೆ ಚೌಕ ಮಾತ್ರ ತಿಳಿಯಾಗಿಯೇ ಇರುತ್ತದೆ. ಅದಕ್ಕೇ ಸಿಸ್ಟರ್ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ಹಾಕುವುದಿಲ್ಲ. ಹೊರಗಿಟ್ಟು, ಅದು ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಹಾಕುತ್ತಾರೆ. ಟೊಮೇಟೊ ಕೂಡ ಅತಿ ತಂಪಿಗೆ ಕೆಡುವ ಹಣ್ಣು. ಇನ್ನು ನಮ್ಮ ಕಾಫಿ ಬೀಜಕ್ಕೆ, ಚಾಲಿ ಅಡಿಕೆಗೆ ದೊಡ್ಡ ಶತ್ರು ತೇವ, ಬೂಷ್ಟು. ಅಲ್ಲಿ ಈ ಚೀಟಿಗೆ ಕೆಲಸವಿಲ್ಲ.

ಚೀಟಿ ಬೇಕಾದದ್ದು ಜೀವಂತ ಸರಕಿಗೆ: ಟ್ರೈಕೋಡರ್ಮ, ಸ್ಯೂಡೊಮೊನಾಸ್, ಕಾಫಿ ಕಾಯಿಕೊರಕದ ಹುಳುವಿಗೆ ಸಿಂಪಡಿಸುವ ಬ್ಯುವೇರಿಯ, ಕೊಟ್ಟಿಗೆಯ ದನಕರುಗಳ ಲಸಿಕೆ. ಇವೆಲ್ಲ ತಾರೀಖಿನಿಂದ ಸಾಯುವುದಕ್ಕಿಂತ ದಾರಿಯಲ್ಲಿ, ಗೋಡೌನಿನಲ್ಲಿ ಸಾಯುವುದೇ ಹೆಚ್ಚು ಎಂಬುದು ನಮಗೆ ಈಗ ಅನ್ನಿಸುತ್ತಿದೆ.

ನಾವು ಮಾಡಬೇಕಾದದ್ದು

ಲಸಿಕೆ ಕಂಪನಿಗಳು ತಾವಾಗಿಯೇ ಮುಂದೆ ಬಂದು ಚೌಕ ಅಂಟಿಸಲಿಲ್ಲ. ದೊಡ್ಡ ಗಿರಾಕಿಯಾದ ಯುನಿಸೆಫ್ “ಚೀಟಿಯಿಲ್ಲದ ಪೋಲಿಯೊ ಸೀಸೆ ಬೇಡ” ಎಂದು ಖರೀದಿಯ ಷರತ್ತು ಹಾಕಿತು. ಒಬ್ಬೊಬ್ಬ ರೈತ ಅಂಗಡಿಯಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ನೂರು ಸಂಘಗಳು ಕೂಡಿ ಕೇಳಿದರೆ ಕಿವಿಗೊಡಲೇಬೇಕು. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥ ನಮಗೆ ಗೊತ್ತಿಲ್ಲ. ಜೈವಿಕ ಔಷಧಿಗಳಿಗೆ ಇಂಥ ಚೀಟಿ ಬೇಕೆಂಬ ನಿರ್ಣಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಿ, ನೆರೆಯ ಸಂಘಗಳಿಗೂ ಕಳಿಸಲಿದ್ದೇವೆ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಮಾಡೋಣ. ಜೀವಂತ ಸರಕನ್ನು ಇನ್ನು ಮುಂದೆ ಸದಸ್ಯರ ಬೇಡಿಕೆ ಬಂದಷ್ಟೇ, ಹಾಕುವ ವಾರಕ್ಕೆ ಸರಿಯಾಗಿ ತರಿಸಲಾಗುವುದು. ಲಾರಿಯಿಂದ ಬೆಳಗಿನ ಹೊತ್ತೇ ಇಳಿಸಲಾಗುವುದು. ಅಟ್ಟದ ಬದಲು ಕಚೇರಿಯ ಹಿಂದಿನ ಹೆಂಚಿನ ಕೋಣೆಯನ್ನು ಇದಕ್ಕೆಂದೇ ತೆರವು ಮಾಡಿದ್ದೇವೆ. ಅಲ್ಲಿ ಥರ್ಮಾಮೀಟರ್ ಇದೆ. ಆರೋಗ್ಯ ಕೇಂದ್ರದವರಂತೆ ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯಲಾಗುತ್ತಿದೆ. ಆ ಪುಸ್ತಕವನ್ನು ಯಾವ ಸದಸ್ಯರು ಬೇಕಾದರೂ ಕೇಳಿ ನೋಡಬಹುದು.

ಸದಸ್ಯರಲ್ಲಿಯೂ ಒಂದು ವಿನಂತಿ. ಸಂಘದಿಂದ ಪ್ಯಾಕೆಟ್ಟು ಒಯ್ದು ಜೀಪಿನ ಮುಂಭಾಗದಲ್ಲಿ, ಗಾಜಿನ ಹಿಂದೆ ಬಿಸಿಲಿಗೆ ಇಟ್ಟು ಪೇಟೆಯ ಕೆಲಸಕ್ಕೆ ಹೋಗಬೇಡಿ. ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿಟ್ಟು ಒಯ್ಯಿರಿ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಯಾವುದೆಂದು ಮನೆಯ ಹೆಂಗಸರನ್ನು ಕೇಳಿ. ಮೊಸರು ಬೇಸಿಗೆಯಲ್ಲೂ ಎಲ್ಲಿ ಬೇಗ ಹುಳಿಯಾಗುವುದಿಲ್ಲವೋ ಆ ಜಾಗವೇ ಸರಿಯಾದ ಜಾಗ.

ಅಂದು ಸಿಸ್ಟರ್ ಸೀಸೆಯನ್ನು ನೋಡಿದ್ದು ಒಂದು ಗಳಿಗೆ ಮಾತ್ರ. ನೋಡಿ, ಮಗುವಿನ ಬಾಯಿಗೆ ಎರಡು ಹನಿ ಬಿಟ್ಟು, ಮುಂದಿನ ತಾಯಿಯನ್ನು ಕರೆದರು. ನಾವೂ ಕೊಡುವ ಮುಂಚೆ ಆ ಒಂದು ಗಳಿಗೆ ನೋಡಿದ್ದರೆ, ನಮ್ಮ ಸದಸ್ಯರು ಹಾಗೆ ಮಾತಿಲ್ಲದೆ ಛತ್ರಿ ಎತ್ತಿಕೊಂಡು ಹೋಗಬೇಕಾಗಿರಲಿಲ್ಲ.